ಮೂರಡಿ

"ವಾಷಿಂಗ್ ಮೆಷಿನ್ ಮುಟ್ಟಿದ್ರೆ ಜುಮ್ ಅಂತದೆ ಕಣಪ್ಪ,"
ಅಂದರು ವೆಂಕಟರತ್ನಮ್ಮ ಟೀಚರು.
ಬರಿಗಾಲು, ಒದ್ದೆ ಸೆರಗು.
ಟೆಸ್ಟರ್ ಬೇಕಿರಲಿಲ್ಲ. ನನಗೆ ಗೊತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಇದೇ ಅಂಗಳದಲ್ಲಿ
ಸುತ್ತಿಗೆಯೇಟಿಗೆ ಮೂರಡಿಗೇ ಠಣ್ಣೆಂದಿತ್ತು ಬಂಡೆ.
ಮುಳಬಾಗಿಲ ನೆಲ; ಎಲ್ಲಿ ಬಗೆದರೂ ಬೆಟ್ಟದ ಬೇರು.
ಸಂಜೆಯಾಗಿತ್ತು. ಗರಗಸದ ಬ್ಲೇಡು ಹೊಸದಿತ್ತು.
ಮಿಕ್ಕಿದ್ದನ್ನು ಕೊಯ್ದು, ತುದಿಗೆ ಹಸಿರು ಬಣ್ಣ ಬಳಿದು
ಎಂಟಡಿಯ ದುಡ್ಡು ಎಣಿಸಿಕೊಂಡಿದ್ದೆ.

ಇವತ್ತು ನಾನೇ ಅಗೆದೆ.
ಇದ್ದಿಲಿಲ್ಲ, ಉಪ್ಪಿಲ್ಲ, ಬರೀ ಒಣ ಗರಸು.
ಕ್ಲಾಂಪು ಹಿಡಿದರೆ ಹಪ್ಪಳ.

ಬಚ್ಚಲ ನೀರು ಹರಿವ ಪಪ್ಪಾಯಿ ಬುಡದಲ್ಲಿ
ಮಣ್ಣು ಕಪ್ಪಗಿತ್ತು, ಮೆತ್ತಗಿತ್ತು.
ಒಂದು ರಾಡು, ಅದರುದ್ದ ದೂರಕ್ಕೆ ಇನ್ನೊಂದು,
ಎರಡೂ ಪೂರಾ ಇಳಿದವು.
ನಡುವೆ ತಾಮ್ರದ ಪಟ್ಟಿ, ಬೋರ್ಡಿಗೊಂದು ಆರ್‌ಸಿಸಿಬಿ.
ಮೀಟರಿನ ಮುಳ್ಳು ತೊಂಬತ್ತರಿಂದ
ನಾಲ್ಕಕ್ಕೆ ಬಂದು ಕೂತಿತು.

ಟೀಚರು ಹಿಂಗೈ ತಾಗಿಸಿದರು, ಆಮೇಲೆ ಅಂಗೈ.
"ಏನೂ ಇಲ್ವಲ್ಲೋ! ಎಷ್ಟಾಯ್ತು?"
ತುಕ್ಕಿನ ಮೂರಡಿಯನ್ನು ಗೋಣಿಗೆ ಸುತ್ತುತ್ತ
"ಆಗಲೇ ಕೊಟ್ಟಿದ್ದೀರಿ" ಅಂದೆ.
ಅರ್ಥವಾಗದೆ ಒಂದು ಪಪ್ಪಾಯಿ ಕಿತ್ತುಕೊಟ್ಟರು.

ಬೀದಿಗಿಳಿದೆ.
ಕಾಂಪೌಂಡುಗಳ ಮೂಲೆಯಲ್ಲಿ ನನ್ನವೇ ಹಸಿರು ತುದಿಗಳು:
ಒಂದು, ಎರಡು,
ಹುಣಸೆಮರದ ತಿರುವಿನ ತನಕ ಆರು.