ಇನ್ನೂ

ಅವ್ವ ಹಂಚಿನ ಮ್ಯಾಲ ತಂಬಾಕು ಹುರೀತಿದ್ದಳು,
ಕರ್ರಗ ಆಗೋತನ.
ಓಣಿ ತುಂಬ ಸೀನು.
ಆರಿದ ಮ್ಯಾಲ ಅಂಗೈಯಾಗ ತಿಕ್ಕಿ, ವಸ್ತ್ರದಾಗ ಸೋಸಿ
ಹಳೇ ಪೌಡರ್ ಡಬ್ಬಿಗೆ ತುಂಬಿದರ
ತಿಂಗಳಿಗಾಗೋ ಮಿಶ್ರಿ.
"ಹಲ್ಲು ಗಟ್ಟಿ ಆಗ್ತಾವ ನೋಡ್ರಿ."

ನನಗ ಒಂಬತ್ತು, ಜಗದೇವಿಗೆ ಏಳು.
ನನ್ನ ಬೆರಳಿಗೊಂದು ಚಿಟಿಕಿ, ಆಕಿ ಬೆರಳಿಗೊಂದು ಚಿಟಿಕಿ.
ಹೆಚ್ಚುಕಮ್ಮಿ ಆದ್ರ ಜಗಳ.

ನಲವತ್ತು ವರ್ಷದ ಮ್ಯಾಲೂ
ಶಹಾಬಾದಿನ ಫರಸಿ ಮಷೀನಿನ ಮುಂದ
ಇಬ್ಬರಿಗೂ ಅದೇ ನೀರು, ಅದೇ ಬೂದಿಬಣ್ಣದ ಕೆಸರು,
ಊಟ ಆದ ಮ್ಯಾಲ ಅದೇ ಡಬ್ಬಿ.

ಮೊದಲ ಖಾರ ಹತ್ತಲಿಕ್ಕೆ ಶುರುವಾಗಿದ್ದು ಆಕಿಗೆ.
ಪುಂಡಿಪಲ್ಯ ಬಾಯಾಗಿಟ್ಟರ ಕಣ್ಣಾಗ ನೀರು.
"ಯಾವ ಊರಿನ ಸೊಸಿ ಬಂದಾಳಪ್ಪ ಈಕಿ"
ಅಂತ ನಕ್ಕಾಕಿ ನಾನೇ.

ಕಲಬುರಗಿ ಹಲ್ಲಿನ ಕಾಲೇಜಿನಾಗ
ನಿಖತ್ ಡಾಕ್ಟರು ಮೊದಲು ಮೂರು ಬೆರಳು ಇಡಿಸಿದರು ಬಾಯಾಗ.
ಹಿಡಿಸಿದವು. ಅದು ಛಲೋ ಅಂದರು.
ಆಮ್ಯಾಲ ಸಣ್ಣ ಕನ್ನಡಿ, ಗಲ್ಲದ ಒಳಮೈಗೆ ಬೆಳಕು:
ಸುಣ್ಣ ತಾಕಿದಂಗ ಒಂದು ಬಿಳಿ ಕಲೆ.
ಕೆರೆದರು. ಹೋಗಲಿಲ್ಲ.
"ಕ್ಯಾನ್ಸರ್ ಏನ್ರಿ ಬಾಯಿ?"
"ಅಲ್ಲ," ಅಂದರು. ಸ್ವಲ್ಪ ತಡೆದು,
"ಇನ್ನೂ ಅಲ್ಲ."

ಆ 'ಇನ್ನೂ' ನಮ್ಮ ಜೋಡಿ ಟಂಟಂ ಹತ್ತಿತು.
ಇಬ್ಬರ ನಡುವ ಕುಂತಿತು.
ಇಳಿಯೋವಾಗ ಅದಕ್ಕ ಯಾರೂ ರೊಕ್ಕ ಕೇಳಲಿಲ್ಲ.

ಮತ್ತ ಹೋದಾಗ ನನ್ನೂ ಕುಂಡ್ರಿಸಿದರು,
ಅರಳಿ ಸುತ್ತಿದ ಕಡ್ಡಿ ಗಲ್ಲದಾಗ ಆಡಿಸಿದರು.
ಏನೋ ಅಭ್ಯಾಸ ನಡೆದದಂತ, ಊರೂರಿನ ಮಂದೀದು.
ಒಂದೇ ಹೊಟ್ಟಿ, ಒಂದೇ ಡಬ್ಬಿ,
ಆಕಿಗಷ್ಟೇ ಯಾಕ್ರಿ? ಅಂತ ಕೇಳಿದೆ.
ಡಾಕ್ಟರು ಹೇಳಿದರು:
ಮೈಯೊಳಗ ವಿಷ ತೊಳೆಯೋ ಕೆಲಸದಾಕಿ ಒಬ್ಬಳಿರ್ತಾಳ,
ತಾಯಿತಂದಿಯಿಂದ ಬಂದಾಕಿ.
ಕೆಲವರಿಗೆ ಹುಟ್ಟಿದಾಗಿಂದ ಆಕಿನೇ ಇರಂಗಿಲ್ಲ.
ಆ ಜಾಗ ಖಾಲಿ.

ಮುಕ್ಕದ್ದಮನ ಹಾಜರಿ ಬುಕ್ಕು ನೆನಪಾತು.
ಹೆಸರಿನ ಮುಂದ ಬರೇ ಗೀಟು, ಗೀಟು, ಗೀಟು.
ಪಾಪ ಜಗದೇವಿ ಅಂತ ಅಂದುಕೊಂಡೆ.
ಸುಳ್ಳ್ಯಾಕ ಹೇಳ್ಲಿ,
ಒಳಗೊಳಗ ಒಂದು ಹಿಡಿ ಸಮಾಧಾನಾನೂ ಆತು.

ಹೇಳಬಾರದಂತ. ಆದರೂ ಹೇಳಿದರು, ಬಾಗಿಲು ಮುಂದ ಮಾಡಿ:
ಖಾಲಿ ಜಾಗ ನಂದು.
ತೊಳೆಯಾಕಿ ಜಗದೇವಿಗೆ ಇದ್ದಳು,
ನಲವತ್ತು ವರ್ಷ ಒಬ್ಬಳೇ ತೊಳೆದಿದ್ದಳು.

"ಸಾವಿರ ಮಂದಿ ಕೂಡಿಸಿದರ ಲೆಕ್ಕ ಸಿಗ್ತದ, ಮಾಪಮ್ಮ.
ಒಬ್ಬಾಕಿದು ಕೇಳಿದರ ನಾ ಏನ್ ಹೇಳ್ಲಿ?
ಮಿಶ್ರಿ ಬಿಡ್ರಿ. ಇಬ್ಬರೂ."

ನಾ ಏನೂ ಅನ್ನಲಿಲ್ಲ.
ಇಪ್ಪತ್ತು ವರ್ಷ ಫರಸಿ ತಟ್ಟಿ ತಟ್ಟಿ ಕೇಳೀನಿ.
ಬದ್ದ್ ಅಂದದ್ದು ಬಾಜೂಕ, ಠಣ್ ಅಂದದ್ದು ಲಾರಿಗೆ.
ಠಣ್ ಅಂದದ್ದೇ ವಾಡಿ ದಾಟೋದ್ರಾಗ ಎರಡಾಗಿದ್ದು ನೋಡೀನಿ.
ಬದ್ದ್ ಅಂತ ತಗದಿಟ್ಟದ್ದು
ನಮ್ಮ ಬಚ್ಚಲದಾಗ ಈಗೂ ಬಿಸಿನೀರು ತಡೀತದ.

ರಾತ್ರಿ ಮೊಬೈಲಿನ ಬ್ಯಾಟರಿ ಹಚ್ಚಿ
ಆಕಿ ಬಾಯಾಗ ನಾ ನೋಡಿದೆ.
ಕಲೆ ಇದ್ದಲ್ಲೇ ಇತ್ತು, ಜ್ವಾಳದ ಕಾಳಿನಷ್ಟು.
ಸೋಮವಾರ ಅದರಾಗಿಂದ ಚೂರು ತಗೀತಾರಂತ.
"ಈಗ ನೀ ತಗಿ" ಅಂದಳು ಜಗದೇವಿ.
ಭಾಳ ಹೊತ್ತು ನೋಡಿದಳು.
ತನ್ನದು ನೋಡಿಕೊಂಡದ್ದಕ್ಕಿಂತ ಹೆಚ್ಚು ಹೊತ್ತು.
ಏನೂ ಅನ್ನದ ಬ್ಯಾಟರಿ ಆರಿಸಿದಳು.

ಡಬ್ಬಿ ನಾನೇ ಬರಿದು ಮಾಡಿದೆ, ಮಷೀನಿನ ಕೆಸರಾಗ.
ಕರಿ ಪುಡಿ ಒಂದು ಸುತ್ತು ತಿರುಗಿ ಮುಳುಗಿತು.

ಮರುದಿನ ಮುಂಜಾನಿ ಹಿತ್ತಲದಾಗ ಕುಂತಿದ್ದಿವಿ,
ಇಬ್ಬರೂ ಮಾತಾಡದ.
ನನ್ನ ತೋರಬೆರಳು ತಾನೇ ಎದ್ದು ವಸಡಿಗೆ ಹೋತು.
ತಿರುಗಿ ನೋಡಿದರ ಆಕೀದೂ.
ಬೆರಳಿಗೆ ಇನ್ನೂ
ಯಾರೂ ಹೇಳಿರಲಿಲ್ಲ.