ಹಲ್ಲಿನ ಗುರುತು

ಜಾವಗಲ್ಲಿನ ಬಸ್ ಸ್ಟ್ಯಾಂಡಿನ ಹತ್ತಿರ
ಜೀಪಿನ ಮೇಲಿಂದ ಕೈ ಚಾಚಿ
‘ಏ ಕ್ಲಾರಿಯೊನೆಟ್ಟು, ಕೊಡು ಇಲ್ಲಿ’ ಅಂದರು ಕಲ್ಲೇಶಣ್ಣ,
ಬೆಂಕಿಪೊಟ್ಟಣ ಕೇಳಿದ ಹಾಗೆ.
ಕೊಟ್ಟೆ.

ಇಪ್ಪತ್ತು ವರ್ಷದಿಂದ ಅವರ ಗಡ್ಡ ಹೆರೆಯುವವನು ನಾನೇ,
ಅರಸೀಕೆರೆ ಸ್ಟೇಷನ್ ರೋಡಿನ ಸಲೂನಿನಲ್ಲಿ.
ಗಂಟಲ ಮೇಲೆ ಕತ್ತಿ ಆಡುವಾಗ
ಕಣ್ಣು ಮುಚ್ಚಿ ಗದ್ದ ಎತ್ತಿ ಕೂರುತ್ತಾರೆ.
ಅಷ್ಟು ನಂಬಿಕೆ.
ಹೆಸರು ಮಾತ್ರ ಗೊತ್ತಿಲ್ಲ.

ಅಪ್ಪ ಎರಡು ಟಗರು ಮಾರಿ
ಮೈಸೂರಿಂದ ತಂದ ವಾದ್ಯ ಅದು.
ಒಂದು ಕೀಲಿಗೆ ಸ್ಪ್ರಿಂಗಿಲ್ಲ, ರಬ್ಬರ್ ಬ್ಯಾಂಡು.
ಬಾಯಿಗಿಡುವ ತುದಿಯಲ್ಲಿ
ಅಪ್ಪನ ಮೇಲು ಹಲ್ಲು ತೋಡಿದ ಸಣ್ಣ ಗುಳಿ;
ನನ್ನ ಹಲ್ಲೂ ಅಲ್ಲೇ ಹೋಗಿ ಕೂರುತ್ತದೆ,
ಹಳೇ ಚಪ್ಪಲಿಯಲ್ಲಿ ಹೆಬ್ಬೆರಳು ಕೂತಂತೆ.

ಬಲಗೈ ಮೇಲೆ, ಎಡಗೈ ಕೆಳಗೆ ಹಿಡಿದರು.
‘ಸೂಪರ್ ಅಣ್ಣಾ’ ಅಂದ ವಿಡಿಯೊ ಹುಡುಗ.
ಮೊದಲು ಬರೀ ಗಾಳಿ ಬಂತು,
ಆಮೇಲೆ, ಯಾರೋ ತುಳಿದ ಬಾತುಕೋಳಿ.
ಜನ ಚಪ್ಪಾಳೆ ಹೊಡೆದರು;
ತಲೆಗೆ ಮುನ್ನೂರು, ಊಟ ಬೇರೆ.

ಸಂಜೆಯೊಳಗೆ ಏರ್ಪಾಟಾಯಿತು.
ನನ್ನದು ಅವರ ಕೈಗೆ,
ಇಮ್ದಾದನ ಮಾವನ ಹಳೇದು ನನ್ನ ಕೈಗೆ.
ಅವರು ಮೇಲೆ, ಬೆಳಕಿನಲ್ಲಿ, ಕೆನ್ನೆ ಉಬ್ಬಿಸಿಕೊಂಡು.
ನಾನು ಟಾಟಾ ಏಸಿನಲ್ಲಿ, ಟಾರ್ಪಾಲಿನ ಒಳಗೆ,
ಮೂತಿಗೊಂದು ಮೈಕು ಕಟ್ಟಿಸಿಕೊಂಡು.
ಹದಿಮೂರು ಊರು ಹೀಗೆ.
ಅವರ ಬೆರಳು ಕಣಕಟ್ಟೆಗೆ ಹೊರಟರೆ
ಸ್ವರ ಬಾಣಾವರಕ್ಕೆ.

ಹಾರನಹಳ್ಳಿಯಲ್ಲಿ ಐಸ್ ಕ್ಯಾಂಡಿ ಚೀಪುತ್ತಿದ್ದ ಹುಡುಗಿ
ಸುತ್ತಿ ಹಿಂದಕ್ಕೆ ಬಂದು ಟಾರ್ಪಾಲು ಎತ್ತಿದಳು.
ಊದುತ್ತಲೇ ಹುಬ್ಬು ಹಾರಿಸಿದೆ.
ಮೆಲ್ಲಗೆ ಮತ್ತೆ ಇಳಿಬಿಟ್ಟಳು.
ಯಾರಿಗೂ ಹೇಳಲಿಲ್ಲ ಕಾಣುತ್ತೆ. ಓಟಿಲ್ಲದವಳು.

ಎದುರು ಪಾರ್ಟಿಯ ಚಂದ್ರಕಲಾ ಮೇಡಂ
ತಮಟೆ ಬಡಿದರಂತೆ, ಸೊಂಟಕ್ಕೆ ಸೆರಗು ಸಿಕ್ಕಿಸಿ.
‘ಆಯಮ್ಮನ ಕೈಯಲ್ಲಿ ಏಟಿದೆ ಗುರುವೇ,
ಒಂದು ಕಡೆಯೂ ತಪ್ಪಲಿಲ್ಲ’ ಅಂದ ಇಮ್ದಾದ್.
ಇಬ್ಬರೂ ಸ್ವಲ್ಪ ಹೊತ್ತು ಸುಮ್ಮನಿದ್ದೆವು.
ಕೈಯಲ್ಲಿದ್ದದ್ದು ಕಲ್ಲೇಶಣ್ಣನ ಬಿರಿಯಾನಿ.
ತಾಳ ತಪ್ಪದವರು
ನಲ್ಲಿಯಲ್ಲಿ ನೀರು ಬಿಡಿಸುತ್ತಾರೆ ಅಂತ ಏನೂ ಇಲ್ಲವಲ್ಲ.
ಆದರೂ.

ಕೊನೇ ದಿನ ಗಂಡಸಿ ಹ್ಯಾಂಡ್‌ಪೋಸ್ಟಿನಲ್ಲಿ
ಜನರೇಟರ್ ಕೆಮ್ಮಿ ಸತ್ತಿತು.
ಲೈಟಿಲ್ಲ, ಮೈಕಿಲ್ಲ.
ನಿಲ್ಲಿಸಬೇಕಿತ್ತು.
ಧಾರೆ ಹೊತ್ತಿಗೆ ಅಪ್ಪ ಊದುತ್ತಿದ್ದದ್ದು
ಅದಾಗದೇ ಬೆರಳಿಗೆ ಬಂದುಬಿಟ್ಟಿತ್ತು.
ಕತ್ತಲಲ್ಲಿ ಲಾರಿಗಳು ಕೂಡ ಹಾರನ್ ಮಾಡದೆ ಹೋದವು,
ಅಥವಾ ನನಗೆ ಕೇಳಲಿಲ್ಲ.

ಲೈಟು ಬಂದಾಗ, ಇಮ್ದಾದ್ ಹೇಳಿದ್ದು ಇದು,
ಕಲ್ಲೇಶಣ್ಣ ವಾದ್ಯ ಕೆಳಗಿಳಿಸಿ
ಕಣ್ಣು ಮುಚ್ಚಿ, ಗದ್ದ ಎತ್ತಿ ನಿಂತಿದ್ದರಂತೆ.
ನನ್ನ ಕುರ್ಚಿಯಲ್ಲಿ ಕೂತ ಹಾಗೆ.
ಆಮೇಲೆ ಎಚ್ಚರಾಗಿ ಕೈ ಮುಗಿದರಂತೆ.

ಎರಡು ದಿನದ ಬಾಕಿ ಇನ್ನೂ ಬಂದಿಲ್ಲ.
ವಾದ್ಯ ಬಂತು, ಪಾರ್ಟಿ ಶಾಲಿನಲ್ಲಿ ಸುತ್ತಿಕೊಂಡು.

ಓಟಿನ ಮಾರನೇ ದಿನ ಒಂದು ಮದುವೆ.
ಎಡಗೈ ತೋರುಬೆರಳಿನ ಶಾಯಿ
ಮೊದಲ ತೂತಿನ ಮೇಲೆ ಕೂತಿತು.
ಯಾರಿಗೆ ಒತ್ತಿದೆ ಅಂತ ಅದೂ ಹೇಳದು, ನಾನೂ.
ಬಾಯಿಗಿಟ್ಟರೆ ಹಲ್ಲು ಜಾರಿತು:
ಗುಳಿಯ ಪಕ್ಕದಲ್ಲೇ ಒಂದು ಹೊಸ ಗಾಯ,
ಕಚ್ಚಿ ಹಿಡಿದವರದ್ದು.
ನಾಲಿಗೆಯಿಂದ ಸವರಿ ನೋಡಿದೆ.
ಆಳವಾಗೇ ಇದೆ.
ಹುಡುಗಿ ಕಡೆಯವರು ಕಾಯುತ್ತಿದ್ದರು.
ಹಲ್ಲನ್ನು ಒಂದು ಎಳೆ ಎಡಕ್ಕೆ ಸರಿಸಿ
ಶುರು ಮಾಡಿದೆ.