ಡನ್‌ಮಾರ್ಲಿಯ ಬ್ಯಾರೋಮೀಟರು

ನಮ್ಮ ಅಡುಗೆಮನೆಯಲ್ಲಿ, ಕೆಟಲಿನ ಆವಿ ಬಡಿಯುವ ಗೋಡೆಗೆ
ಬ್ಯಾರೋಮೀಟರೊಂದು ನೇತುಬಿದ್ದಿದೆ.
ಬಿರುಗಾಳಿ, ಮಳೆ, ಬದಲಾವಣೆ, ಬಿಸಿಲು ಎಂದು ಬರೆದ ಬಿಳಿಯ ಮುಖ;
ಮುಳ್ಳು ಮಾತ್ರ ಬದಲಾವಣೆಗೆ ಅಂಟಿಕೊಂಡು
ಕದಲುವುದನ್ನೇ ಮರೆತಿದೆ.
ಅಂಚಿನ ಮರ ಒಂದು ಕಡೆ ಸುಟ್ಟು ಕರಿ.
ಕೇಳಿದವರಿಗೆ ಅಪ್ಪ ಹೇಳುತ್ತಿದ್ದ: ಸರ್ ಆಂಬ್ರೋಸ್ ಡೆವನಿಷ್‌ನದು,
ನಾವು ಕದ್ದದ್ದಲ್ಲ.
ಅಷ್ಟು ಜೋರಾಗಿ ಯಾಕೆ ಹೇಳುತ್ತಿದ್ದನೋ.

ಆಲೂಗಡ್ಡೆ ನೆಲದೊಳಗೇ ಕೊಳೆತು ನಾರಿದ ವರ್ಷ
ಡನ್‌ಮಾರ್ಲಿಯ ದೊಡ್ಡ ಮನೆಯಲ್ಲಿ ಹುಟ್ಟಿದವ.
ಮೊಲೆಯೂಡಿಸಲು ಕರೆಸಿದ್ದು ನನ್ನಜ್ಜನ ಅಜ್ಜಿ, ಒನೋರಾ ಟ್ಯಾನ್ಸಿಯನ್ನು.
ಅವಳಿಗೆ ಎರಡು ಹೊತ್ತು ಗಂಜಿ, ಭಾನುವಾರ ಮಾಂಸದ ಸಾರು.
ಅವಳ ಸ್ವಂತ ಕೂಸು ಏನು ಕುಡಿಯಿತೋ,
ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಬೆಳೆದ. ಕುದುರೆ, ಕೋವಿ, ಲ್ಯಾಟಿನ್.
ಮೂವತ್ತೊಂದು ವರ್ಷ ವೆಸ್ಟ್‌ಮಿನ್‌ಸ್ಟರಿನ ಹಸಿರು ಬೆಂಚಿನ ಮೇಲೆ ಕೂತ.
ಎದ್ದು ನಿಂತು ಮಾತಾಡಿದ್ದು ಹನ್ನೊಂದು ಸಲ;
ಅದರಲ್ಲಿ ಮೂರು, ಕಿಟಕಿ ಮುಚ್ಚಿ ಅನ್ನಲಿಕ್ಕೆ.
ಲಂಡನ್ನಿನಲ್ಲಿ ಅವನ ಬೂಟಿನ ಕೆಸರು ನೋಡಿ ನಗುತ್ತಿದ್ದರು,
ಇಲ್ಲಿ ಅವನ ನಾಲಗೆ ಕೇಳಿ ಟೋಪಿ ತೆಗೆದು
ಬೆನ್ನ ಹಿಂದೆ ಉಗುಳುತ್ತಿದ್ದರು.
ನಡುವಿನ ಕಡಲಲ್ಲಿ, ಟಪಾಲು ಹಡಗಿನ ಕಂಬಿಗೆ ಒರಗಿದ
ನಾಲ್ಕು ತಾಸು ಮಾತ್ರ
ಊರಿದ್ದವನಂತೆ ಉಸಿರಾಡುತ್ತಿದ್ದನಂತೆ.

ಬೆಳಗಾಗೆದ್ದರೆ ಬ್ಯಾರೋಮೀಟರಿನ ಗಾಜಿಗೆ ಎರಡು ಸಲ ತಟ್ಟು.
ಆಮೇಲೆ ಟಪಾಲು. ಆಮೇಲೆ ದೇವರು.

ಭೂಮಿಯ ಮಸೂದೆ ಬಂದಾಗ ಉಳಿದ ದೊರೆಗಳೆಲ್ಲ ಒಂದು ಬಾಗಿಲಿಗೆ,
ಇವನೊಬ್ಬ ಇನ್ನೊಂದಕ್ಕೆ.
ಯಾಕೆಂದು ಹೇಳಲಿಲ್ಲ. ಹನ್ನೊಂದರಲ್ಲಿ ಅದು ಸೇರಿಲ್ಲ.
ಅಂದಿನಿಂದ ನರಿಬೇಟೆಗೆ ಕರೆಯಿಲ್ಲ;
ತಂಗಿ ಕೂಡ ಕ್ರಿಸ್‌ಮಸ್‌ಗೆ ಬರೆಯಲಿಲ್ಲ.
ನಮ್ಮವರೇನು ಹೊಗಳಿದರೇ?
'ನಮ್ಮ ಹೊಲ ನಮಗೇ ಕಂತಿನ ಮೇಲೆ ಮಾರಿದ ಪುಣ್ಯಾತ್ಮ'
ಎಂದು ಮುತ್ತಜ್ಜ ಸಾಯುವತನಕ ಅಂದ.
ಕಂತು ಮಾತ್ರ ತಪ್ಪಿಸಲಿಲ್ಲ.

ಇಪ್ಪತ್ತೊಂದರ ಏಪ್ರಿಲ್, ರಾತ್ರಿ ಹನ್ನೊಂದೂವರೆ.
ಸೀಮೆಎಣ್ಣೆ ಡಬ್ಬ ಹಿಡಿದು ಹೋದ ಒಂಬತ್ತು ಜನರಲ್ಲಿ
ಹದಿನಾರರ ನನ್ನಜ್ಜನೂ ಇದ್ದ. ಮುಖಕ್ಕೆ ಕರವಸ್ತ್ರ.
'ಹದಿನೈದು ನಿಮಿಷ, ಸರ್. ಏನು ಹೊರಗೆ ತರಲಿ?'
ಮುದುಕ ರಾತ್ರಿಯಂಗಿಯಲ್ಲೇ ಮೆಟ್ಟಿಲಿಳಿದು ಬಂದ,
ಕರವಸ್ತ್ರದ ಮೇಲಿನ ಕಣ್ಣು ನೋಡಿ
'ನೀನು ಟ್ಯಾನ್ಸಿಗಳ ಹುಡುಗ' ಅಂದ.
ಪಟ ಬೇಡ, ಬೆಳ್ಳಿ ಬೇಡ, ಅಮ್ಮನ ಪಿಯಾನೋ ಬೇಡ.
ಗೋಡೆಯ ಕಡೆ ಕೈ ತೋರಿದ.

ಮಾಡು ಕುಸಿಯುವಾಗ ಹುಲ್ಲಿನ ಮೇಲೆ ಅವನಿಗೊಂದು ಕುರ್ಚಿ ಹಾಕಿಕೊಟ್ಟರು.
ಅಜ್ಜ ಬ್ಯಾರೋಮೀಟರನ್ನು ಎದೆಗೊತ್ತಿ ಪಕ್ಕದಲ್ಲೇ ನಿಂತಿದ್ದ.
ಬಿಸಿಗೆ ಮುಳ್ಳು ಒಮ್ಮೆ ಜಿಗಿದು, ನಿಂತಿತು.
'ನಿನ್ನ ಹತ್ತಿರವೇ ಇರಲಿ. ನನಗಿನ್ನು ಗೋಡೆಯಿಲ್ಲ.'

ಬೆಕ್ಸ್‌ಹಿಲ್ಲಿನ ಬೋರ್ಡಿಂಗ್ ಮನೆಯಿಂದ ಒಂದೇ ಒಂದು ಕಾರ್ಡು ಬಂತು.
ಅಜ್ಜ ಉತ್ತರ ಬರೆಯಲಿಲ್ಲ, ಬಿಸಾಡಲೂ ಇಲ್ಲ;
ಬ್ಯಾರೋಮೀಟರಿನ ಬೆನ್ನಿಗೆ ಸಿಕ್ಕಿಸಿಟ್ಟ.
ಇಲ್ಲಿ ಹವೆ ಚೆನ್ನಾಗಿದೆ, ಎಂದಿದೆ ಅದರಲ್ಲಿ.
ಅದನ್ನಿಟ್ಟುಕೊಂಡು ಏನು ಮಾಡಬೇಕೋ ತಿಳಿಯುತ್ತಿಲ್ಲ.